ಹನ್ನೆರಡೂವರೆ ಗಂಟೆಯಿಂದ 93 ನಿಮಿಷಕ್ಕೆ: ಫೋರ್ಡ್ ಕಂಪನಿಯ ಕಥೆ

ಅಮೆರಿಕದ ಡೆಟ್ರಾಯಿಟ್ ನಗರಕ್ಕೆ ಅಂಟಿಕೊಂಡಿರುವ ಹೈಲ್ಯಾಂಡ್ ಪಾರ್ಕ್‌ನ ಕಾರ್ಖಾನೆಯಲ್ಲಿ 1913ರ ಬೇಸಿಗೆಯವರೆಗೂ ಒಂದು ಕಾರಿನ ಚಾಸಿಸ್ ಜೋಡಿಸಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿತ್ತು. 1914ರ ವಸಂತದ ಹೊತ್ತಿಗೆ ಅದೇ ಚಾಸಿಸ್ 93 ನಿಮಿಷಕ್ಕೆ ಸಿದ್ಧವಾಗತೊಡಗಿತು. ಕಾರು ಅದೇ, ಬಿಡಿಭಾಗಗಳೂ ಅವೇ. ಮೊದಲು ಕೆಲಸಗಾರರು ಬಿಡಿಭಾಗ ಹೊತ್ತು ಕಾರಿನ ಬಳಿ ಹೋಗುತ್ತಿದ್ದರು. ಈಗ ಕಾರೇ ಸಾಲಿನ ಮೇಲೆ ಅವರ ಮುಂದೆ ಹಾದುಹೋಗುತ್ತಿತ್ತು.

ಕಾರು ಕಂಡುಹಿಡಿದ ಕೀರ್ತಿ ಫೋರ್ಡ್ ಮೋಟಾರ್ ಕಂಪನಿಗೆ ಸಲ್ಲುವುದಿಲ್ಲ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲೇ ತಮ್ಮ ಮೋಟಾರು ಬಂಡಿಗೆ ಪೇಟೆಂಟ್ ಪಡೆದಿದ್ದರು. ಫೋರ್ಡ್ ಕೊಟ್ಟದ್ದು ಕಾರನ್ನು ಮಾಡುವ ಹೊಸ ಕ್ರಮ. ಅದರಿಂದ ಶ್ರೀಮಂತರ ಆಟಿಕೆಯಾಗಿದ್ದ ವಾಹನ ರೈತರ ಅಂಗಳಕ್ಕೆ ಬಂತು. ಅದರ ಭಾರ ಬಿದ್ದದ್ದು ಕಾರ್ಮಿಕರ ಮೈಮೇಲೆ. ಲಾಭ ಮತ್ತು ಭಾರ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಈ ಕಂಪನಿಯ ಚರಿತ್ರೆ ತಿಳಿಯುತ್ತದೆ.

ಹೊಲ ಬಿಟ್ಟು ಯಂತ್ರಕ್ಕೆ

ಹೆನ್ರಿ ಫೋರ್ಡ್ ಹುಟ್ಟಿದ್ದು 1863ರ ಜುಲೈ 30ರಂದು, ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ಬಳಿಯ ರೈತ ಮನೆಯಲ್ಲಿ. ತಂದೆ ವಿಲಿಯಂ ಐರ್ಲೆಂಡ್‌ನಿಂದ ವಲಸೆ ಬಂದವರು. ಮಗನಿಗೆ ಬೇಸಾಯ ಹಿಡಿಸಲಿಲ್ಲ. ಹದಿನಾರನೇ ವಯಸ್ಸಿಗೆ ಡೆಟ್ರಾಯಿಟ್‌ಗೆ ಹೋಗಿ ಯಂತ್ರದ ಕಾರ್ಖಾನೆಯಲ್ಲಿ ಕೆಲಸ ಕಲಿತರು. ಮುಂದೆ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರ್ ಆದರು. ಹಗಲು ಅಲ್ಲಿ ದುಡಿದು, ರಾತ್ರಿ ಬ್ಯಾಗ್ಲಿ ಅವೆನ್ಯೂದ ಬಾಡಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ಸೈಕಲ್ ಚಕ್ರಗಳ ಪುಟ್ಟ ಮೋಟಾರು ಬಂಡಿ ಕಟ್ಟಿದರು. 1896ರ ಜೂನ್‌ನಲ್ಲಿ ಅದು ತಯಾರಾದಾಗ ಶೆಡ್ಡಿನ ಬಾಗಿಲಿಗಿಂತ ಬಂಡಿಯೇ ಅಗಲವಾಗಿತ್ತು. ಇಟ್ಟಿಗೆ ಗೋಡೆ ಒಡೆದು ಅದನ್ನು ಬೀದಿಗೆ ತಂದರು.

ಅವರು ಮೊದಲು ಕೈಹಾಕಿದ ಎರಡು ಕಂಪನಿಗಳೂ ಕೈಗೂಡಲಿಲ್ಲ. ಒಂದು ಮುಚ್ಚಿಹೋಯಿತು, ಇನ್ನೊಂದರ ಹೂಡಿಕೆದಾರರ ಜೊತೆ ಜಗಳವಾಗಿ ಹೊರಬಂದರು. ಆ ಎರಡನೆಯದೇ ಮುಂದೆ ಕ್ಯಾಡಿಲಾಕ್ ಆಯಿತು. 1903ರ ಜೂನ್ 16ರಂದು ಮೂರನೆಯ ಪ್ರಯತ್ನವಾಗಿ ಫೋರ್ಡ್ ಮೋಟಾರ್ ಕಂಪನಿ ಹುಟ್ಟಿತು. ಕೈಯಲ್ಲಿದ್ದ ನಗದು 28,000 ಡಾಲರ್. ಪ್ರಮುಖ ಪಾಲುದಾರ ಅಲೆಕ್ಸಾಂಡರ್ ಮಾಲ್ಕಮ್‌ಸನ್ ಕಲ್ಲಿದ್ದಲು ವ್ಯಾಪಾರಿ. ಎಂಜಿನ್ ಮಾಡಿಕೊಟ್ಟವರು ಮುಂದೆ ತಮ್ಮ ಹೆಸರಿನಲ್ಲೇ ಕಾರು ತಂದ ಡಾಜ್ ಸೋದರರು. ಹಣಕಾಸು ನೋಡಿಕೊಂಡ ಜೇಮ್ಸ್ ಕಝೆನ್ಸ್ ಅವರ ಬಿಗಿ ಲೆಕ್ಕಾಚಾರ ಆರಂಭದ ದಿನಗಳಲ್ಲಿ ಕಂಪನಿಯನ್ನು ಉಳಿಸಿತು.

ಕೆಸರುದಾರಿಯ ಕಾರು

1908ರ ಅಕ್ಟೋಬರ್‌ನಲ್ಲಿ ಮಾಡೆಲ್ ಟಿ ಬಂತು. ಆಗ ಅಮೆರಿಕದ ಹಳ್ಳಿಗಳ ರಸ್ತೆ ಎಂದರೆ ಮಳೆಗಾಲದಲ್ಲಿ ಮೊಳಕಾಲುದ್ದ ಕೆಸರು. ಆ ದಾರಿಗೆಂದೇ ಮಾಡಿದ ಕಾರು ಅದು: ನೆಲದಿಂದ ಎತ್ತರದ ಮೈ, ಹಗುರಾದರೂ ಗಟ್ಟಿಯಾದ ವನೇಡಿಯಂ ಉಕ್ಕು, ನಾಲ್ಕು ಸಿಲಿಂಡರಿನ 20 ಅಶ್ವಶಕ್ತಿಯ ಎಂಜಿನ್. ಎಂಜಿನ್‌ಗೆ ಪೆಟ್ರೋಲ್ ಎಳೆದುಕೊಡುವ ಪಂಪ್ ಕಾರಿನಲ್ಲಿ ಇರಲಿಲ್ಲ, ಟ್ಯಾಂಕಿನಿಂದ ಪೆಟ್ರೋಲ್ ತಾನಾಗಿ ಇಳಿದು ಬರಬೇಕಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಾಗ ಕಡಿದಾದ ಏರು ಬಂದರೆ ಕಾರು ತಿರುಗಿಸಿ, ರಿವರ್ಸ್ ಗೇರಿನಲ್ಲಿ ಹಿಮ್ಮುಖವಾಗಿ ಹತ್ತಿಸುತ್ತಿದ್ದರು. ಕೆಟ್ಟರೆ ರೈತರೇ ಸ್ಪ್ಯಾನರ್ ಹಿಡಿದು ಸರಿಪಡಿಸುತ್ತಿದ್ದರು. ಹಿಂದಿನ ಚಕ್ರವನ್ನು ಜಾಕಿಯಿಂದ ಎತ್ತಿ, ಬೆಲ್ಟು ಹಾಕಿ ಗರಗಸ ಮತ್ತು ನೀರಿನ ಪಂಪು ಓಡಿಸಿದವರೂ ಇದ್ದರು. ಕಾರು ಕೃಷಿ ಕೆಲಸಕ್ಕೂ ಒದಗಿತು.

ಮೊದಲ ಬೆಲೆ ಸುಮಾರು 850 ಡಾಲರ್. ಬೇಡಿಕೆಗೆ ತಕ್ಕಷ್ಟು ಕಾರು ಮಾಡಿ ಮುಗಿಸಲಾಗದೆ ಕಂಪನಿ ಒದ್ದಾಡಿತು. 1910ರಲ್ಲಿ ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ ವಿನ್ಯಾಸದ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆ ತೆರೆಯಿತು. ಗೋಡೆಯುದ್ದಕ್ಕೂ ದೊಡ್ಡ ಕಿಟಕಿಗಳು, ಒಳಗೆಲ್ಲ ಧಾರಾಳ ಬೆಳಕು.

1913ರಲ್ಲಿ ಮೊದಲು ಸಾಲಿಗೆ ಬಂದದ್ದು ಫ್ಲೈವೀಲ್ ಮ್ಯಾಗ್ನೆಟೊ ಎಂಬ ಬಿಡಿಭಾಗ. ಒಬ್ಬನೇ ಕೂತು ಇಡೀ ಮ್ಯಾಗ್ನೆಟೊ ಜೋಡಿಸಲು ಸುಮಾರು 20 ನಿಮಿಷ ತೆಗೆದುಕೊಳ್ಳುತ್ತಿದ್ದ. ಕೆಲಸವನ್ನು 29 ತುಂಡು ಮಾಡಿ 29 ಜನರಿಗೆ ಹಂಚಿದಾಗ ಆ ಸಮಯ 13 ನಿಮಿಷಕ್ಕಿಳಿಯಿತು. ಬೆಂಚಿನ ಎತ್ತರ ಸರಿಪಡಿಸಿ, ಸಾಲನ್ನು ಸರಪಳಿಯಿಂದ ಎಳೆಯತೊಡಗಿದ ಮೇಲೆ 5 ನಿಮಿಷ ಸಾಕಾಯಿತು. ಈ ಆಲೋಚನೆಯ ಒಂದು ಬೇರು ಷಿಕಾಗೋದ ಮಾಂಸದ ಕಾರ್ಖಾನೆಗಳಲ್ಲಿದೆ. ಅಲ್ಲಿ ಕೊಕ್ಕೆಗೆ ತೂಗುಹಾಕಿದ ಪ್ರಾಣಿದೇಹ ಕಂಬಿಯ ಮೇಲೆ ಸಾಗುತ್ತಿತ್ತು, ಪ್ರತಿಯೊಬ್ಬನೂ ಒಂದೊಂದು ಭಾಗ ಕತ್ತರಿಸುತ್ತಿದ್ದ. ಡೆಟ್ರಾಯಿಟ್‌ನಲ್ಲಿ ಕತ್ತರಿಸುವ ಬದಲು ಜೋಡಿಸಿದರು.

ಬೆಲೆ ವರ್ಷದಿಂದ ವರ್ಷಕ್ಕೆ ಇಳಿದು 1920ರ ದಶಕದ ನಡುವೆ 260 ಡಾಲರ್‌ಗೆ ಬಂತು. 1927ರಲ್ಲಿ ಮಾಡೆಲ್ ಟಿ ನಿಲ್ಲಿಸುವ ಹೊತ್ತಿಗೆ ಒಂದೂವರೆ ಕೋಟಿ ಕಾರು ಹೊರಬಂದಿದ್ದವು.

ಐದು ಡಾಲರಿನ ದಿನಗೂಲಿ

ಇದರ ಇನ್ನೊಂದು ಮುಖ ಕಾರ್ಮಿಕರದು. ದಿನವಿಡೀ ಒಂದೇ ನಟ್ಟು, ಅದೇ ತಿರುವು. ಕಾಲಿಟ್ಟ ಜಾಗ ಬಿಟ್ಟು ಅಲುಗುವಂತಿಲ್ಲ. ಕಸುಬು ಬಲ್ಲವನ ಹೆಮ್ಮೆಗೆ ಅಲ್ಲಿ ಜಾಗವೇ ಇರಲಿಲ್ಲ. ಜನ ಸೇರಿದಷ್ಟೇ ಬೇಗ ಬಿಟ್ಟುಹೋಗುತ್ತಿದ್ದರು. 1913ರಲ್ಲಿ ಸುಮಾರು 14,000 ಕೆಲಸಗಾರರನ್ನು ಉಳಿಸಿಕೊಳ್ಳಲು 50,000ಕ್ಕೂ ಹೆಚ್ಚು ಜನರನ್ನು ನೇಮಿಸಿಕೊಳ್ಳಬೇಕಾಯಿತು.

1914ರ ಜನವರಿ 5ರಂದು ಕಂಪನಿ ಒಂದು ಘೋಷಣೆ ಮಾಡಿತು: ದಿನಕ್ಕೆ 5 ಡಾಲರ್ ಕೂಲಿ, 9 ಗಂಟೆಯ ಬದಲು 8 ಗಂಟೆ ಪಾಳಿ. ಅಲ್ಲಿಯವರೆಗಿನ ಕೂಲಿ 2.34 ಡಾಲರ್. ಕೊರೆಯುವ ಚಳಿಯಲ್ಲಿ ಸಾವಿರಾರು ಜನ ಗೇಟಿನ ಮುಂದೆ ಸೇರಿದರು; ಗುಂಪು ಚದುರಿಸಲು ಅವರ ಮೇಲೆ ಪೈಪಿನಿಂದ ನೀರು ಹಾರಿಸಿದರು. ಕಾರು ಮಾಡುವವನೇ ಕಾರು ಕೊಳ್ಳಬಲ್ಲ ಕಾಲ ಆ ಕೂಲಿಯಿಂದ ಹತ್ತಿರ ಬಂತು. ಆದರೆ ಅದಕ್ಕೆ ಷರತ್ತುಗಳಿದ್ದವು. ಕಂಪನಿಯ ಸಮಾಜ ವಿಭಾಗದ ತನಿಖೆಗಾರರು ಕೆಲಸಗಾರರ ಮನೆಗೇ ಬಂದು ಕುಡಿತ, ಉಳಿತಾಯ, ಮನೆಯ ಸ್ವಚ್ಛತೆ ಎಲ್ಲವನ್ನೂ ವಿಚಾರಿಸುತ್ತಿದ್ದರು. ಅವರು ಒಪ್ಪಿದರೆ ಮಾತ್ರ ಪೂರ್ತಿ ಐದು ಡಾಲರ್. ಕೂಲಿ ಹೆಚ್ಚಿಸಿದ ಕೈಯೇ ಮನೆಯೊಳಗಿನ ಬದುಕಿಗೂ ಕೈಹಾಕಿತು. ಈ ಹೆಚ್ಚಳವನ್ನು ಬರೀ ಔದಾರ್ಯ ಎಂದು ಹೊಗಳುವವರು ಈ ತನಿಖೆಯನ್ನು ಮರೆಯಬಾರದು.

ಹೆನ್ರಿ ಫೋರ್ಡ್ ಅವರ ವ್ಯಕ್ತಿತ್ವದಲ್ಲಿ ಇದಕ್ಕಿಂತ ಗಾಢವಾದ ಕಲೆಯೊಂದಿದೆ. 1920ರಿಂದ ಅವರ ಒಡೆತನದ ‘ಡಿಯರ್‌ಬಾರ್ನ್ ಇಂಡಿಪೆಂಡೆಂಟ್’ ಪತ್ರಿಕೆ ಯಹೂದಿಗಳ ವಿರುದ್ಧ ವಿಷ ಕಾರಿತು. 1927ರಲ್ಲಿ ಅವರು ಕ್ಷಮೆ ಕೇಳಿದರೂ ಆ ಬರಹಗಳು ಆಗಲೇ ಜರ್ಮನಿ ಮುಟ್ಟಿದ್ದವು. ಕಂಪನಿಯ ಸಾಧನೆ ಹೇಳುವಾಗ ಈ ಮಾತು ಬಿಟ್ಟರೆ ಚರಿತ್ರೆಗೆ ಅನ್ಯಾಯ.

ರೂಜ್ ನದಿಯ ದಂಡೆಯಲ್ಲಿ

ಡಿಯರ್‌ಬಾರ್ನ್‌ನ ರೂಜ್ ನದಿಯ ದಂಡೆಯಲ್ಲಿ 1917ರಿಂದ 1928ರವರೆಗೆ ಕಟ್ಟಿದ ಕಾರ್ಖಾನೆ ಆ ಕಾಲದ ಬೆರಗು. ಒಂದು ಕಡೆ ಹಡಗುಗಳಿಂದ ಕಬ್ಬಿಣದ ಅದಿರು, ಕಲ್ಲಿದ್ದಲು ಇಳಿಯುತ್ತಿದ್ದವು. ಇನ್ನೊಂದು ಕಡೆ ಕಾರು ಹೊರಬರುತ್ತಿತ್ತು. ಉಕ್ಕಿನ ಕುಲುಮೆ, ಎರಕದ ಮನೆ, ಗಾಜಿನ ಕಾರ್ಖಾನೆ, ವಿದ್ಯುತ್ ಸ್ಥಾವರ ಎಲ್ಲವೂ ಒಂದೇ ಆವರಣದಲ್ಲಿ. ಒಂದು ಹಂತದಲ್ಲಿ ಅಲ್ಲಿ ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಮೆಕ್ಸಿಕೋದ ಚಿತ್ರಕಾರ ಡಿಯೆಗೋ ರಿವೇರಾ ಇದನ್ನು ನೋಡಿಯೇ 1932–33ರಲ್ಲಿ ಡೆಟ್ರಾಯಿಟ್ ಕಲಾಸಂಸ್ಥೆಯ ಗೋಡೆಗಳ ಮೇಲೆ 27 ಭಿತ್ತಿಚಿತ್ರ ಬರೆದರು. ಖರ್ಚು ಕೊಟ್ಟದ್ದು ಹೆನ್ರಿಯ ಮಗ ಎಡ್ಸೆಲ್. ಬಾಗಿದ ಬೆನ್ನು, ಬಿಗಿದ ತೋಳಿನ ಕಾರ್ಮಿಕರು ಆ ಗೋಡೆಗಳನ್ನು ತುಂಬಿದ್ದಾರೆ.

ಗೇಟಿನ ಹೊರಗೆ ಅದೇ ವರ್ಷಗಳಲ್ಲಿ ರಕ್ತ ಹರಿಯಿತು. ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರು 1932ರ ಮಾರ್ಚ್ 7ರಂದು ರೂಜ್ ಕಡೆಗೆ ಮೆರವಣಿಗೆ ಹೊರಟಾಗ ಪೊಲೀಸರು ಮತ್ತು ಕಂಪನಿಯ ಕಾವಲುಗಾರರು ಗುಂಡು ಹಾರಿಸಿದರು. ನಾಲ್ವರು ಅಲ್ಲೇ ಸತ್ತರು. ಇನ್ನೊಬ್ಬರು ಆಮೇಲೆ ತೀರಿಕೊಂಡರು. 1937ರ ಮೇ 26ರಂದು ಕಾರ್ಖಾನೆಯ ಮೇಲ್ಸೇತುವೆಯ ಮೇಲೆ ಕರಪತ್ರ ಹಂಚಲು ಬಂದ ಯೂನಿಯನ್ ನಾಯಕ ವಾಲ್ಟರ್ ರೂಥರ್ ಮತ್ತು ಸಂಗಾತಿಗಳನ್ನು ಹ್ಯಾರಿ ಬೆನೆಟ್ ಎಂಬ ಕಂಪನಿ ಅಧಿಕಾರಿಯ ಆಳುಗಳು ಹೊಡೆದು ಕೆಡವಿದರು. ‘ಡೆಟ್ರಾಯಿಟ್ ನ್ಯೂಸ್’ ಛಾಯಾಗ್ರಾಹಕ ತೆಗೆದ ಚಿತ್ರಗಳು ದೇಶದ ಮನಸ್ಸು ಕಲಕಿದವು. ಜನರಲ್ ಮೋಟಾರ್ಸ್, ಕ್ರೈಸ್ಲರ್ 1937ರಲ್ಲೇ ಯೂನಿಯನ್ ಒಪ್ಪಿಕೊಂಡಿದ್ದವು. ಫೋರ್ಡ್ ಒಪ್ಪಂದಕ್ಕೆ ಸಹಿ ಹಾಕಿದ್ದು 1941ರ ಜೂನ್‌ನಲ್ಲಿ.

ಅದೇ 1941ರಲ್ಲಿ ಸೇವಾಗ್ರಾಮದಿಂದ ಗಾಂಧೀಜಿ ಹೆನ್ರಿ ಫೋರ್ಡ್‌ಗೆ ಪತ್ರ ಬರೆದರು, ತಮ್ಮ ಸಹಿ ಇರುವ ಒಂದು ಚರಕವನ್ನೂ ಕಳಿಸಿದರು. ಮನುಷ್ಯನ ದುಡಿಮೆ ಯಾರ ಹಿಡಿತದಲ್ಲಿರಬೇಕು ಎಂಬ ಪ್ರಶ್ನೆಗೆ ಚರಕ ಮತ್ತು ಜೋಡಣಾ ಸಾಲು ಕೊಡುವ ಉತ್ತರಗಳು ತೀರ ಬೇರೆ. ಇಬ್ಬರಲ್ಲೂ ಇದ್ದದ್ದು ಯುದ್ಧದ ಬಗೆಗಿನ ವಿರೋಧ.

ಏಳು–ಬೀಳು

ಆ ವಿರೋಧ ಏನೇ ಇದ್ದರೂ ಎರಡನೇ ಮಹಾಯುದ್ಧದಲ್ಲಿ ಕಂಪನಿ ವಿಲ್ಲೋ ರನ್ ಎಂಬಲ್ಲಿ ಬಾಂಬರ್ ವಿಮಾನಗಳನ್ನೇ ಸಾಲಿನ ಮೇಲೆ ಮಾಡಿತು. 1944ರಲ್ಲಿ ಗಂಟೆಗೊಂದು ವಿಮಾನ ಹೊರಬರುತ್ತಿತ್ತು. 1943ರಲ್ಲಿ ಎಡ್ಸೆಲ್ ತೀರಿಕೊಂಡರು. 1945ರಲ್ಲಿ ಮೊಮ್ಮಗ ಎರಡನೇ ಹೆನ್ರಿ ಅಧಿಕಾರ ವಹಿಸಿಕೊಂಡು, ಬೆನೆಟ್‌ನನ್ನು ಹೊರಹಾಕಿ, ಲೆಕ್ಕಪತ್ರ ಸರಿಪಡಿಸಿದರು. ಎಡ್ಸೆಲ್ ಹೆಸರಿನಲ್ಲಿ 1957ರಲ್ಲಿ ಬಂದ ಕಾರು ಎರಡೇ ವರ್ಷದಲ್ಲಿ ನೆಲಕಚ್ಚಿತು. 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವಮೇಳದಲ್ಲಿ ತೆರೆಕಂಡ ಮಸ್ಟಾಂಗ್ ಯುವಜನರನ್ನು ಗೆದ್ದಿತು. ಮುಂದಿನ ದಶಕದ ಪಿಂಟೊ ಕಾರಿನ ಪೆಟ್ರೋಲ್ ಟ್ಯಾಂಕ್ ಹಿಂದಿನಿಂದ ಡಿಕ್ಕಿಯಾದರೆ ಹೊತ್ತಿಕೊಳ್ಳುವ ಅಪಾಯವಿತ್ತು. ಸಾವುಗಳಾದವು, ಮೊಕದ್ದಮೆಗಳಾದವು. 1978ರಲ್ಲಿ ಸುಮಾರು 15 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು.

2006ರಲ್ಲಿ ವಿಮಾನ ಕಂಪನಿ ಬೋಯಿಂಗ್‌ನಿಂದ ಮುಖ್ಯಸ್ಥರಾಗಿ ಬಂದ ಅಲನ್ ಮುಲಾಲಿ, ಕಾರ್ಖಾನೆಗಳಷ್ಟೇ ಅಲ್ಲ, ಫೋರ್ಡ್‌ನ ನೀಲಿ ಲಾಂಛನವನ್ನೂ ಅಡವಿಟ್ಟು ಸುಮಾರು 2,300 ಕೋಟಿ ಡಾಲರ್ ಸಾಲ ತಂದರು. 2009ರಲ್ಲಿ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ದಿವಾಳಿ ಅರ್ಜಿ ಹಾಕಿ ಸರ್ಕಾರದ ನೆರವಿನಿಂದ ಬದುಕಿದಾಗ, ಫೋರ್ಡ್ ದಿವಾಳಿಯಾಗದೆ ಉಳಿದದ್ದು ಆ ಸಾಲದ ಬಲದಿಂದ.

ನಮ್ಮ ನೆಲದ ನಂಟು

ಭಾರತದಲ್ಲಿ ಫೋರ್ಡ್ 1926ರಲ್ಲೇ ಕಾಲಿಟ್ಟಿತ್ತು; 1950ರ ದಶಕದಲ್ಲಿ ಅಂಗಡಿ ಮುಚ್ಚಿತು. 1995ರಲ್ಲಿ ಮಹೀಂದ್ರ ಜೊತೆಗೂಡಿ ಮರಳಿ ಬಂತು. ಚೆನ್ನೈ ಬಳಿಯ ಮರೈಮಲೈ ನಗರದ ಕಾರ್ಖಾನೆಯಿಂದ ಬಂದ ಐಕಾನ್, ಎಕೋಸ್ಪೋರ್ಟ್ ಕಾರುಗಳು ಕರ್ನಾಟಕದ ರಸ್ತೆಗಳಿಗೂ ಪರಿಚಿತ. ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಕಂಪನಿ 2021ರ ಸೆಪ್ಟೆಂಬರ್‌ನಲ್ಲಿ ಸಾರಿತು. ಗುಜರಾತಿನ ಸಾನಂದ್ ಕಾರ್ಖಾನೆ ಟಾಟಾ ಪಾಲಾಯಿತು.

ಅದಕ್ಕಿಂತ ಆಳವಾದ ನಂಟು ಬೇರೆ ದಾರಿಯಲ್ಲಿ ಬಂದಿದೆ. 1950ರಲ್ಲಿ ಜಪಾನಿನ ಐಜಿ ಟೊಯೊಡಾ ರೂಜ್ ಕಾರ್ಖಾನೆಯನ್ನು ಕೂಲಂಕಷವಾಗಿ ನೋಡಿಹೋದರು. ಅಲ್ಲಿ ಕಂಡದ್ದನ್ನು ಟೊಯೊಟಾ ತನ್ನ ರೀತಿಯಲ್ಲಿ ತಿದ್ದಿತು: ಬೇಕಾದಾಗ ಬೇಕಾದಷ್ಟೇ ಬಿಡಿಭಾಗ, ದೋಷ ಕಂಡರೆ ಹಗ್ಗ ಎಳೆದು ಸಾಲು ನಿಲ್ಲಿಸುವ ಅಧಿಕಾರ ಕೆಲಸಗಾರನಿಗೆ. ಆ ಪದ್ಧತಿ 1999ರ ಕೊನೆಯಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಗೆ ಬಂತು. ಹೈಲ್ಯಾಂಡ್ ಪಾರ್ಕಿನ ಕಲ್ಪನೆ ಜಪಾನ್ ಸುತ್ತಿ ರಾಮನಗರದ ನೆಲ ಮುಟ್ಟಿದ್ದು ಹೀಗೆ.

2023ರ ಸೆಪ್ಟೆಂಬರ್‌ನಲ್ಲಿ ಮಿಷಿಗನ್‌ನ ಫೋರ್ಡ್ ಕಾರ್ಖಾನೆಯ ಕಾರ್ಮಿಕರು ಮುಷ್ಕರ ಹೂಡಿದರು. ಆರು ವಾರಗಳ ಹೊತ್ತಿಗೆ ನಾಲ್ಕೂವರೆ ವರ್ಷಗಳಲ್ಲಿ ಶೇ 25ರಷ್ಟು ಕೂಲಿ ಹೆಚ್ಚಳದ ಒಪ್ಪಂದ ಕೈಗೂಡಿತು. ಈ ಸಲ ಯಾರ ಮನೆಯನ್ನೂ ತನಿಖೆ ಮಾಡುವ ಷರತ್ತು ಇರಲಿಲ್ಲ. ಎರಡೂ ಕಡೆಯವರು ಕೂತು ಚೌಕಾಶಿ ಮಾಡಿ ಒಪ್ಪಿಕೊಂಡದ್ದು. 1914ರ ಐದು ಡಾಲರ್ ಮಾಲೀಕ ಕೊಟ್ಟದ್ದು, 2023ರ ಹೆಚ್ಚಳ ಕಾರ್ಮಿಕರು ಪಡೆದದ್ದು. ಸಾಲಿನ ವೇಗವನ್ನು ಲೆಕ್ಕ ಹಾಕಲು ಗಡಿಯಾರ ಸಾಕು. ಆ ವೇಗ ನ್ಯಾಯವೇ ಎಂದು ಹೇಳಬೇಕಾದವರು ಸಾಲಿನಲ್ಲಿ ನಿಂತು ದುಡಿಯುವವರು. ಒಂದು ಶತಮಾನಕ್ಕೂ ಮೀರಿದ ಫೋರ್ಡ್ ಚರಿತ್ರೆಯಿಂದ ನಮ್ಮ ಕಾರ್ಖಾನೆಗಳು ಕಲಿಯಬೇಕಾದ ಮೊದಲ ಪಾಠ ಇದೇ.