ಒಂದುಗಳ ಕಂಠಾಭರಣ

ನರಗುಂದ ತಾಲ್ಲೂಕಿನ ಕೊಣ್ಣೂರಿನ ಶಿಲಾಶಾಸನದಲ್ಲಿ ಕ್ರಿ.ಶ. 860ರ ದಾನವೊಂದರ ವಿವರವಿದೆ. ದಂಡನಾಯಕ ಬಂಕೆಯ ಕೊಳನೂರಿನಲ್ಲಿ, ಎಂದರೆ ಇಂದಿನ ಕೊಣ್ಣೂರಿನಲ್ಲಿ, ಕಟ್ಟಿಸಿದ ಜಿನಾಲಯಕ್ಕೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಚಂದ್ರಗ್ರಹಣದ ದಿನ ಭೂಮಿ ಬಿಟ್ಟುಕೊಟ್ಟ. ಇದೇ ದೊರೆಯನ್ನು ಆರಂಭದಲ್ಲಿ ಕೊಂಡಾಡುವ ಗ್ರಂಥ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’. ಅದರ ಗುಣಾಕಾರದ ಭಾಗದಲ್ಲಿ 152207ನ್ನು 73ರಿಂದ ಗುಣಿಸುವ ಲೆಕ್ಕವಿದೆ. ಉತ್ತರ 11111111. ಇಂಥ ಉತ್ತರವನ್ನು ಆಚಾರ್ಯರು ಕಂಠಾಭರಣವೆಂದರು.

ಗುಣಾಕಾರದಿಂದ ಬಂದ ಈ ಸಂಖ್ಯೆ ಅವಿಭಾಜ್ಯವಲ್ಲ. ಹಾಗಾದರೆ ಬರೀ ಒಂದುಗಳಿಂದಾಗಿಯೂ ಯಾವುದಕ್ಕೂ ಒಡೆಯದ ಸಂಖ್ಯೆ ಉಂಟೇ? ಉಂಟು. ಮೊದಲನೆಯದು 11. ಎರಡನೆಯದು ಸಿಗಬೇಕಾದರೆ 19 ಒಂದುಗಳವರೆಗೆ ಹೋಗಬೇಕು: 1111111111111111111.

ನಡುವಿನವು ಏಕೆ ಒಡೆಯುತ್ತವೆ? ಆರು ಒಂದುಗಳನ್ನು ಎರಡೆರಡಾಗಿ ಬಿಡಿಸಿ: 11 11 11. ಇದನ್ನು 11ರಿಂದ ಭಾಗಿಸಿದರೆ 10101. ಮೂರುಮೂರಾಗಿ ಬಿಡಿಸಿ 111ರಿಂದ ಭಾಗಿಸಿದರೆ 1001. ಒಂದುಗಳ ಎಣಿಕೆಯನ್ನು ಸಮಪಾಲು ಮಾಡಲು ಬಂದರೆ ಸಂಖ್ಯೆಯೂ ಒಡೆಯಿತೆಂದೇ ಅರ್ಥ. ಆದ್ದರಿಂದ ಎಣಿಕೆ ಅವಿಭಾಜ್ಯವಾಗಿರಲೇಬೇಕು. ಆದರೆ ಅಷ್ಟೇ ಸಾಲದು. 111 ಎಂದರೆ 3 × 37. 11111 ಎಂದರೆ 41 × 271. 1111111 ಎಂದರೆ 239 × 4649. ಹನ್ನೊಂದು, ಹದಿಮೂರು, ಹದಿನೇಳು ಒಂದುಗಳೂ ಒಡೆಯುತ್ತವೆ. ಹತ್ತೊಂಬತ್ತು ಮಾತ್ರ ನಿಲ್ಲುತ್ತದೆ.

ಈ ಸಂಖ್ಯೆಗೆ ಇನ್ನೊಂದು ಸೊಗಸಿದೆ. 1ನ್ನು ಇದರಿಂದ ಭಾಗಿಸಿದರೆ ದಶಮಾಂಶ ಬಿಂದುವಿನ ನಂತರ 18 ಸೊನ್ನೆ, ಒಂದು 9, ಮತ್ತೆ 18 ಸೊನ್ನೆ, ಒಂದು 9, ಹೀಗೇ ಕೊನೆಯಿಲ್ಲದೆ. 19 ಅಂಕಿಗೊಮ್ಮೆ ಮರುಕಳಿಸುವ ದಶಮಾಂಶ ಕೊಡುವ ಅವಿಭಾಜ್ಯ ಸಂಖ್ಯೆ ಇಡೀ ಗಣಿತದಲ್ಲಿ ಇದೊಂದೇ. ಕಾರಣ ಸರಳ. ಅಂಥ ಅವಿಭಾಜ್ಯವು ಹತ್ತೊಂಬತ್ತು 9ಗಳ ಸಂಖ್ಯೆಯನ್ನು ಭಾಗಿಸಲೇಬೇಕು. ಆ ಸಂಖ್ಯೆಯಲ್ಲಿರುವ ಅವಿಭಾಜ್ಯಗಳು 3 ಮತ್ತು ಇದು, ಎರಡೇ. 3ರದು ಪ್ರತಿ ಅಂಕಿಗೂ ಮರುಕಳಿಸುತ್ತದೆ.

ಮುಂದಿನವು 23 ಮತ್ತು 317 ಒಂದುಗಳ ಸಂಖ್ಯೆಗಳು. 1031 ಒಂದುಗಳದ್ದು ಅವಿಭಾಜ್ಯವೆಂದು ವಿಲಿಯಮ್ಸ್ ಮತ್ತು ಡಬ್ನರ್ 1986ರಲ್ಲಿ ಸಾಧಿಸಿದರು. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದ ದೈತ್ಯ ಅವಿಭಾಜ್ಯವೂ ಇದೇ ಕುಲದ್ದು. 2ನ್ನು 13,62,79,841 ಸಲ ಗುಣಿಸಿ 1 ಕಳೆದರೆ ಅದು ಬರುತ್ತದೆ. ನಮ್ಮ ದಶಮಾನದಲ್ಲಿ ಬರೆದರೆ 4,10,24,320 ಅಂಕಿಗಳು. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಬರೆದರೆ 13,62,79,841 ಒಂದುಗಳು, ಬೇರೊಂದು ಅಂಕಿಯಿಲ್ಲ. ಎಣಿಕೆ ಅವಿಭಾಜ್ಯವಾಗಿರಬೇಕೆಂಬ ನಿಯಮ ಅಲ್ಲಿಯೂ ಅದೇ.

ಇಂಥ ಅವಿಭಾಜ್ಯಗಳು ಎಲ್ಲಾದರೂ ಮುಗಿಯುತ್ತವೆಯೇ ಎಂಬುದನ್ನು ಇದುವರೆಗೆ ಯಾರೂ ಸಾಧಿಸಿಲ್ಲ. ಆ ಪ್ರಶ್ನೆಯ ಹೊಸ್ತಿಲವರೆಗೆ ಪ್ರೌಢಶಾಲೆಯ ಮಕ್ಕಳೂ ಬರಬಲ್ಲರು. ಗಣಿತದ ಮೇಷ್ಟ್ರುಗಳು ಏಳು ಒಂದುಗಳನ್ನು 239ರಿಂದ ಭಾಗಿಸುವ ಲೆಕ್ಕವನ್ನು ಒಮ್ಮೆ ಕೊಟ್ಟು ನೋಡಲಿ. ಅದಕ್ಕೆ ಪೆನ್ಸಿಲು, ಕಾಗದ ಸಾಕು.