ಮರಳಿನಡಿಯಿಂದ ಎದ್ದ ತಲಪರಿಗೆ

ಕೊರಟಗೆರೆಯ ಕೊಳಾಲ ಹೋಬಳಿಯಿಂದ ಮಧುಗಿರಿ, ಶಿರಾ, ಪಾವಗಡದವರೆಗಿನ ಸೀಮೆಗೆ ಬರದ ನಾಡೆಂಬ ಹೆಸರು ಅಂಟಿಬಿಟ್ಟಿದೆ. ಇದೇ ನೆಲದಲ್ಲಿ ಏತ, ಕಪಿಲೆ, ಪಂಪು ಯಾವುದರ ಹಂಗೂ ಇಲ್ಲದೆ ನೀರು ತಾನಾಗಿ ಎದ್ದು ಗದ್ದೆಗೆ ಹರಿಯುತ್ತಿತ್ತು. ಅದೇ ತಲಪರಿಗೆ.

ಅದರ ಹುಟ್ಟು ಕಲ್ಲಿನಲ್ಲಿದೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನೂ ಒಳಗೊಂಡ ಗ್ರಾನೈಟ್ ಪಟ್ಟಿಗೆ ಸುಮಾರು 250 ಕೋಟಿ ವರ್ಷ. ಬಿಸಿಲು ಮಳೆಗೆ ಅದು ಸವೆದು ಒರಟು ಮರಳಾಯಿತು. ಹಳ್ಳಗಳೂ ಜಯಮಂಗಲಿಯಂಥ ಹೊಳೆಗಳೂ ಅದನ್ನು ತಗ್ಗಿಗೆ ತಂದು ಹಾಸಿದವು. ಬಿದ್ದ ಮಳೆ ಮರಳಿನೊಳಗೆ ಇಳಿಯುತ್ತದೆ, ಒಡೆಯದ ಬಂಡೆ ಸಿಕ್ಕಿದಲ್ಲಿ ನಿಂತು ಇಳಿಜಾರು ಹಿಡಿದು ಸಾಗುತ್ತದೆ. ಕೆರೆಯ ಜಿನುಗೂ ಅದಕ್ಕೆ ಸೇರುತ್ತದೆ. ನೆಲ ತಗ್ಗಾದಲ್ಲಿ ನೀರು ಮೇಲಕ್ಕೆ ಬರುತ್ತದೆ.

ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರಿನವರೆಗೆ ಗೆರೆ ಎಳೆದು, ಅದರ ಪೂರ್ವಕ್ಕೆಲ್ಲ ತಲಪರಿಗೆಗಳಿವೆ ಎಂದು ಬರೆದರು. ದಕ್ಷಿಣದ ಕಡೆ ಮರಳು ತೋಡಿದರೆ ಸಾಕು. ಪಾವಗಡದಲ್ಲಿ ಮೆದುಗಲ್ಲು ಕಡಿಯಬೇಕು. ಚಿತ್ರದುರ್ಗದತ್ತ ಕೆಲವೆಡೆ ಗಟ್ಟಿ ಬಂಡೆಯನ್ನೇ ಕೊರೆಯಬೇಕು.

ಹೀಗೆ ಕಣ್ಣಿಗೆ ಬೀಳದೆ ಹರಿಯುವ ನೀರಿಗೆ ಹಿಮಾಲಯದಲ್ಲೂ ಒಂದು ಸಾಟಿಯಿದೆ. ಗಂಗೋತ್ರಿ ಹಿಮನದಿಯ ತುದಿಯ ಗೋಮುಖದಲ್ಲಿ ಭಾಗೀರಥಿ ಹಿಮದ ಗುಹೆಯಿಂದ ಹೊರಬೀಳುತ್ತಾಳೆ. ಕರಗಿದ ನೀರು ಬಿರುಕುಗಳಲ್ಲಿ ತಳಕ್ಕಿಳಿದು, ಹರಿಯುವಾಗ ಹುಟ್ಟುವ ಶಾಖದಿಂದಲೇ ಹಿಮವನ್ನು ಕರಗಿಸಿ ಸುರಂಗ ಕೊರೆಯುತ್ತದೆ. ಮೇಲಿನ ಹಿಮದ ಭಾರ ಆ ಸುರಂಗವನ್ನು ಅಮುಕಿ ಮುಚ್ಚಲು ನೋಡುತ್ತಲೇ ಇರುತ್ತದೆ. ಈ ಹಗ್ಗಜಗ್ಗಾಟದ ಲೆಕ್ಕವನ್ನು ಸ್ವಿಟ್ಜರ್ಲೆಂಡಿನ ಹಾನ್ಸ್ ರೋಥ್ಲಿಸ್‌ಬರ್ಗರ್ 1972ರಲ್ಲಿ ಬಿಡಿಸಿಟ್ಟರು. ಹರಿವು ತಗ್ಗಿದರೆ ದಾರಿ ಮುಚ್ಚಿತು.

ನಮ್ಮಲ್ಲಿ ದಾರಿ ತೆರೆದಿಡುತ್ತಿದ್ದುದು ಗುದ್ದಲಿ. ಅಂಚಿಗೆ ಕಲ್ಲು ಕಟ್ಟಿದ ಗುಂಡಿ, ಅದರ ಒಂದು ಮಗ್ಗುಲಲ್ಲಿ ಬಾಯಿ, ಅಲ್ಲಿಂದ ಗದ್ದೆಗೆ ಸಣ್ಣ ಕಾಲುವೆ, ಇಷ್ಟೇ ತಲಪರಿಗೆ. ತಳದಲ್ಲಿ ಒರತೆ ಎದ್ದಾಗ ಮರಳಿನ ಕಣಗಳು ಅದರೊಂದಿಗೆ ಕುಣಿಯುತ್ತವೆ. ನೀರು ಮುಂದೆ ಹೋಗುತ್ತದೆ, ಕಣಗಳು ಅಲ್ಲೇ ಕೂರುತ್ತವೆ. ಹೂಳು ಏರಿದಷ್ಟೂ ಒರತೆ ಕಟ್ಟುತ್ತದೆ. ಅದಕ್ಕೇ ಅಚ್ಚುಕಟ್ಟಿನ ರೈತರು ಕೂಡಿ ಹೂಳೆತ್ತಿ ಕಾಲುವೆ ಬಿಡಿಸುತ್ತಿದ್ದರು. ತಲಪರಿಗೆಯನ್ನು ಬರಿ ಪ್ರಕೃತಿಯ ಕೊಡುಗೆ ಎನ್ನುವುದನ್ನು ನಾನು ಒಪ್ಪಲಾರೆ. ಅದರಲ್ಲಿ ಅರ್ಧ ಬಂಡೆಯದು, ಅರ್ಧ ಬೆವರಿನದು.

ಕೊಳವೆಬಾವಿಗಳು ನೂರಾರು ಅಡಿ ಕೆಳಗಿನ ಬಿರುಕುಗಳಿಂದ ನೀರೆಳೆಯತೊಡಗಿದ ಮೇಲೆ ಮೇಲ್ಪದರ ಒಣಗಿತು. ಹೊಳೆಯ ಮರಳು ಲಾರಿ ಹತ್ತಿತು. ನೀರು ಹಿಡಿದಿಡುವ ಜಾಗವೇ ಹೋಯಿತು. ಒರತೆ ನಿಂತ ಗುಂಡಿಗೆ ಹೂಳೆತ್ತಲು ಯಾರು ಬಂದಾರು? ತಲಪರಿಗೆ ಉಳಿಸುವ ಮಾತು ಈಗ ಮತ್ತೆ ಎದ್ದಿರುವುದು ಸಂತೋಷ. ಆದರೆ ಗುಂಡಿಯನ್ನಷ್ಟೇ ಚೊಕ್ಕ ಮಾಡಿದರೆ ನೀರು ಬಾರದು. ಮೇಲಿನ ಕೆರೆ ತುಂಬಬೇಕು, ಹಳ್ಳದ ಮರಳು ಹಳ್ಳದಲ್ಲೇ ಉಳಿಯಬೇಕು, ತಲಪರಿಗೆಯ ಆಸುಪಾಸು ಹೊಸ ಕೊಳವೆಬಾವಿ ಬೀಳಬಾರದು.