ಗಲ್ಲಾ ಮುಂದೆ ಕೂತವನ ಎದೆ

ಸ್ವಂತ ವ್ಯಾಪಾರ ಅಂದ್ರೆ ರಾಜನ ಬಾಳು ಅನ್ನೋರು ಸಂಬಳ ಬಟವಾಡೆಯ ಹಿಂದಿನ ರಾತ್ರಿ ಮಾಲೀಕನ ಮುಖ ನೋಡಬೇಕು.

ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ ಸೈನ್ಯ ಬಿಟ್ಟು ಜಾವಗಲ್ ಬಳಿ ರೇಷ್ಮೆ ಬೆಳೆದರು, ನಮ್ಮ ಹಾಸನದಲ್ಲೇ ಟಿಫಿನ್ ಹೋಟೆಲು ನಡೆಸಿದರು. 2003ರಲ್ಲಿ ಏರ್ ಡೆಕ್ಕನ್ ವಿಮಾನ ಹಾರಿಸಿದರು.

ಅದೇ ವರ್ಷ ಹೈದರಾಬಾದಿನಿಂದ ವಿಜಯವಾಡಕ್ಕೆ ಉದ್ಘಾಟನೆಯ ಹಾರಾಟ. ಒಳಗೆ ವೆಂಕಯ್ಯ ನಾಯ್ಡು ಮೊದಲಾದ ಗಣ್ಯರು. ಹೊರಡುತ್ತಿದ್ದಂತೆ ಇಂಜಿನ್‌ಗೆ ಬೆಂಕಿ! ಯಾರಿಗೂ ಪ್ರಾಣಾಪಾಯವಾಗಲಿಲ್ಲ, ಸರಿ. ಆ ಗಳಿಗೆ ಧಣಿಯ ಎದೆ ಹೇಗಿದ್ದೀತು? (ನಮ್ಮ ಪತ್ರಿಕೆಯವರು ಬಿಟ್ಟಾರೆಯೇ!) ಆದ್ರೂ ಮತ್ತೆ ಟಿಕೆಟ್ ಮಾರಲೇಬೇಕು.

ಒಂದು ರೂಪಾಯಿಗೂ ಸೀಟು ಕೊಟ್ಟರು. ಬಸ್ಸಿನ ಜನ ವಿಮಾನ ಹತ್ತಿದರು, ನಷ್ಟವೂ ಏರಿತು. 2007ರಲ್ಲಿ ಪಾಲು ವಿಜಯ್ ಮಲ್ಯರ ಕೈಸೇರಿತು. ಸುಮ್ಮನಾದರೇ? 2009ರಲ್ಲಿ ಸರಕು ವಿಮಾನ ಶುರು. ಅದೂ 2011ರಲ್ಲಿ ನಿಂತಿತು.